ಹೊಲದಲ್ಲಿ ಸಿಕ್ಕ ‘73’ರ ಗುಂಡಿ ಯಾರ ಕೋಟಿನದು?

ಪ್ರಶ್ನೆ: ಶ್ರೀರಂಗಪಟ್ಟಣದ ಕೋಟೆಯಿಂದ ಪಶ್ಚಿಮಕ್ಕೆ, ಹೊಳೆಯ ದಕ್ಷಿಣ ದಡದ ಕಡೆ ನಮ್ಮ ಹೊಲ ಇದೆ. ಕಬ್ಬು ಕಡಿದ ಮೇಲೆ ಟ್ರ್ಯಾಕ್ಟರಿನಲ್ಲಿ ಆಳವಾಗಿ ಉಳುಮೆ ಮಾಡಿಸಿದೆವು. ಆಗ ಮೂರು ಸಾಮಾನು ಸಿಕ್ಕವು. ಒಂದು, ಬೂದಿ ಬಣ್ಣದ ಗುಂಡಿ. ಮಧ್ಯೆ 73 ಅಂತ ಇದೆ, ಹಿಂದುಗಡೆ ತುಕ್ಕು ಹಿಡಿದ ಮೊಳಕೆ ಥರ ಏನೋ ಇದೆ. ಎರಡನೆಯದು ಹಿತ್ತಾಳೆ ಗುಂಡಿ. ಮೇಲೆ ಕಿರೀಟ, ಎರಡು ಪಕ್ಕದಲ್ಲಿ ಸಿಂಹ ಮತ್ತು ಕುದುರೆ. ಹಿಂದೆ ಇಂಗ್ಲಿಷಿನಲ್ಲಿ ‘ಬರ್ಮಿಂಗ್‌ಹ್ಯಾಮ್’ ಅಂತ ಓದಬಹುದು. ಮೂರನೆಯದು ಅಂಗೈ ಅಗಲದ ಹಿತ್ತಾಳೆ ಬಿಲ್ಲೆ, ಗಂಡಭೇರುಂಡ ಮತ್ತು ಒಂದು ನಂಬರು ಇದೆ. ಇವೆಲ್ಲ ಟಿಪ್ಪು ಕಾಲದವಾ? ಹುಣಸೆಹಣ್ಣು ಹಾಕಿ ತೊಳೆಯಬಹುದಾ? ಮನೆಯಲ್ಲಿ ಇಟ್ಟುಕೊಂಡರೆ ತಪ್ಪಾ? ಇನ್ನೊಂದು ಕುತೂಹಲ: ಬರೀ ಇಂಗ್ಲಿಷರ ಗುಂಡಿಗಳ ಸುದ್ದಿಯೇ ಕೇಳ್ತೀವಿ. ಟಿಪ್ಪು ಸೈನಿಕರ ಗುಂಡಿ ಯಾಕೆ ಸಿಗೋದಿಲ್ಲ?

ಉತ್ತರ: ಹುಣಸೆಹಣ್ಣು ಬೇಡವೇ ಬೇಡ. ಪಾತ್ರೆ ಉಜ್ಜುವ ಪುಡಿ, ನಿಂಬೆಹಣ್ಣು, ಹಳೇ ಹಲ್ಲುಜ್ಜುವ ಬ್ರಷ್ಷು, ಇವು ಯಾವುವೂ ಬೇಡ. ಯಾಕೆ ಅಂತ ಮುಂದೆ ಹೇಳ್ತೀನಿ. ಸದ್ಯಕ್ಕೆ ಮೂರನ್ನೂ ಬೇರೆ ಬೇರೆ ಕವರಿಗೆ ಹಾಕಿ. ಹೊಲದಲ್ಲಿ ಯಾವ ಸಾಲಿನಲ್ಲಿ, ಯಾವ ಬದುವಿನಿಂದ ಎಷ್ಟು ಹೆಜ್ಜೆ ದೂರದಲ್ಲಿ ಸಿಕ್ಕಿತು ಅನ್ನೋದನ್ನು ಒಂದೊಂದು ಚೀಟಿಯಲ್ಲಿ ಬರೆದು ಒಳಗಿಡಿ. ನೆನಪು ಹಸಿ ಇದ್ದಾಗಲೇ ಬರೀರಿ.

ಮೂರೂ ಒಂದೇ ಹೊಲದಲ್ಲಿ, ಒಂದೇ ಉಳುಮೆಯಲ್ಲಿ ಸಿಕ್ಕಿವೆ. ಆದರೆ ಮೂರೂ ಬೇರೆ ಬೇರೆ ಕಾಲದವು. ಟಿಪ್ಪು ಕಾಲಕ್ಕೆ ಸೇರೋದು ಬೂದಿ ಬಣ್ಣದ ಗುಂಡಿ ಒಂದೇ. ಅದೂ ಎದುರಾಳಿಯ ಕಡೆಯದು.

ಬ್ರಿಟಿಷ್ ಸೈನ್ಯದ ಗುಂಡಿಗಳ ಮೇಲೆ ರೆಜಿಮೆಂಟಿನ, ಅಂದರೆ ಆ ಸಿಪಾಯಿ ಸೇರಿದ ಪಡೆಯ, ನಂಬರು ಹಾಕಬೇಕು ಅನ್ನುವ ಆಜ್ಞೆ ಬಂದದ್ದು 1767ರಲ್ಲಿ. ಫ್ರೆಂಚರು ಐದು ವರ್ಷ ಮೊದಲೇ, 1762ರಲ್ಲಿ, ಅದನ್ನು ಶುರು ಮಾಡಿದ್ದರು. ಸಾಮಾನ್ಯ ಸಿಪಾಯಿಯ ಗುಂಡಿ ಪ್ಯೂಟರ್ ಅನ್ನುವ ಲೋಹದ್ದು. ಅಂದರೆ ಮುಖ್ಯವಾಗಿ ತವರ, ಜೊತೆಗೆ ಒಂದಿಷ್ಟು ಸೀಸ. ಅಗ್ಗದ ಲೋಹ, ಬೇಗ ಕರಗುತ್ತೆ, ಅಚ್ಚಿನಲ್ಲಿ ಸುರಿದು ಸಾವಿರಗಟ್ಟಲೆ ಮಾಡಬಹುದು. 1855ರಲ್ಲಿ ಸಿಪಾಯಿಗಳ ಗುಂಡಿ ಪ್ಯೂಟರಿನಿಂದ ಹಿತ್ತಾಳೆಗೆ ಬದಲಾಯಿತು. ಹಾಗಾಗಿ ನಂಬರಿರುವ ಬೂದಿ ಬಣ್ಣದ ಗುಂಡಿ ಅಂದ ಕೂಡಲೇ ಅದು 1767 ಮತ್ತು 1855ರ ನಡುವಿನದು ಅಂತ ಒಂದು ಬೇಲಿ ಹಾಕಿಕೊಳ್ಳಬಹುದು.

ಈಗ ಆ ಗುಂಡಿಯನ್ನು ಮಗುಚಿ ಹಾಕಿ, ಕಿಟಕಿ ಪಕ್ಕ ಓರೆ ಬೆಳಕಿನಲ್ಲಿ ನೋಡಿ. ಬೆನ್ನಿನ ಮೇಲೆ ಅಡ್ಡಲಾಗಿ ಸಣ್ಣ ಗೆರೆಯೊಂದು ಉಬ್ಬಿದ್ದರೆ, ಅದು ಎರಡು ಹೋಳಿನ ಅಚ್ಚು ಕೂಡುವ ಜಾಗ. ಮಧ್ಯದಲ್ಲಿ ಲೋಹ ಸ್ವಲ್ಪ ಎದ್ದು ದಿಬ್ಬದ ಹಾಗೆ ಇರುತ್ತೆ. ನೀವು ‘ಮೊಳಕೆ’ ಅಂದಿದ್ದು ಆ ದಿಬ್ಬದಲ್ಲಿ ಹೂತ ಕಬ್ಬಿಣದ ತಂತಿಯ ಕೊಂಡಿ. ಅಚ್ಚಿಗೆ ಲೋಹ ಸುರಿಯುವ ಮೊದಲೇ ತಂತಿಯ ಕೊಂಡಿಯನ್ನು ಒಳಗಿಡುತ್ತಿದ್ದರು. ಇನ್ನೂರು ವರ್ಷದಲ್ಲಿ ಕಬ್ಬಿಣ ತುಕ್ಕಾಗಿ ಉದುರಿ, ಬುಡ ಮಾತ್ರ ಉಳಿಯುತ್ತೆ. ಅದನ್ನು ಕೆರೆಯಬೇಡಿ. ಗುಂಡಿಯ ವಯಸ್ಸಿಗೆ ಅದೇ ಸಾಕ್ಷಿ. ಅಡ್ಡಳತೆ ಸುಮಾರು 2 ಸೆಂಟಿಮೀಟರ್ ಇದ್ದರೆ ಕೋಟಿನದು, ಒಂದೂವರೆಯ ಆಸುಪಾಸು ಇದ್ದರೆ ಒಳಗಿನ ವೇಸ್ಟ್‌ಕೋಟಿನದು. ಆ ಕಾಲದ ಕೆಂಪು ಕೋಟಿಗೆ ಎದೆಯ ಮಡಿಕೆ, ತೋಳು, ಜೇಬು, ಬೆನ್ನು ಎಲ್ಲಾ ಸೇರಿ ಮೂವತ್ತಕ್ಕೂ ಜಾಸ್ತಿ ಗುಂಡಿ ಇರುತ್ತಿದ್ದವು. ಹಾಗಾಗಿ ಸೈನ್ಯ ಬೀಡುಬಿಟ್ಟಲ್ಲೆಲ್ಲ ಗುಂಡಿ ಉದುರುತ್ತಿದ್ದವು.

ಅಧಿಕಾರಿಗಳ ಗುಂಡಿ ಹೀಗಿರೋದಿಲ್ಲ. ಮೂಳೆ ಅಥವಾ ಮರದ ಬಿಲ್ಲೆಯ ಮೇಲೆ ಬೆಳ್ಳಿಯದೋ ಚಿನ್ನದ ನೀರು ಕೊಟ್ಟದ್ದೋ ತೆಳು ತಗಡು ಹೊದಿಸಿರುತ್ತಿದ್ದರು. ಮೂಳೆ ಮಣ್ಣಲ್ಲಿ ಕರಗಿ ಹೋದರೆ ಚಾಕೊಲೇಟ್ ಕಾಗದದ ಹಾಗೆ ಸುಕ್ಕಾದ ತಗಡು ಮಾತ್ರ ಉಳಿಯುತ್ತೆ. ಜನ ಅದನ್ನು ಕಸ ಅಂತ ಎಸೆದುಬಿಡುತ್ತಾರೆ. ಮುಂದಿನ ಉಳುಮೆಯಲ್ಲಿ ಅಂಥದ್ದು ಕಂಡರೆ ಎಸೆಯಬೇಡಿ.

ಇನ್ನು ನಂಬರು. ಮೊದಲು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಸಿಪಾಯಿಗಳನ್ನು ಬಿಟ್ಟುಬಿಡೋಣ. ಮದ್ರಾಸಿನ ದೇಶೀ ಕಾಲಾಳು ಪಟಾಲಂಗಳ ಸಂಖ್ಯೆ ಅತಿ ಹೆಚ್ಚು ಅಂದರೆ 52ಕ್ಕೆ ನಿಂತಿತು. ನಿಮ್ಮ ಗುಂಡಿಯ ಮೇಲೆ 12 ಅಂತ ಇದ್ದಿದ್ದರೆ ಪಚೀತಿ ಆಗುತ್ತಿತ್ತು. ಇಂಗ್ಲೆಂಡ್ ರಾಜನ ಸೈನ್ಯದ 12ನೇ ರೆಜಿಮೆಂಟಾ, ಮದ್ರಾಸಿನ 12ನೇ ಪಟಾಲಮ್ಮಾ ಅಂತ ತಲೆ ಕೆರೆದುಕೊಳ್ಳಬೇಕಿತ್ತು. ಎರಡೂ ಈ ಕಡೆ ಓಡಾಡಿದವೇ. ಸಾಲದ್ದಕ್ಕೆ ಮದ್ರಾಸ್ ಪಟಾಲಂಗಳ ನಂಬರುಗಳನ್ನು 1796ರಲ್ಲಿ ಒಮ್ಮೆ, 1824ರಲ್ಲಿ ಇನ್ನೊಮ್ಮೆ ಬದಲಾಯಿಸಿದರು. 73 ಆದ್ದರಿಂದ ಆ ತಲೆನೋವು ಇಲ್ಲ. ಬದಲಿಗೆ ಇನ್ನೊಂದು ಇದೆ, ಅದು ಹೆಚ್ಚು ರುಚಿಯಾದದ್ದು.

ಶ್ರೀರಂಗಪಟ್ಟಣದ ಕಥೆಯಲ್ಲಿ 73 ಅನ್ನುವ ನಂಬರಿನ ರೆಜಿಮೆಂಟು ಒಂದಲ್ಲ, ಎರಡು.

ಮೊದಲನೆಯದು ಲಾರ್ಡ್ ಮ್ಯಾಕ್ಲಿಯಾಡ್ ಕಟ್ಟಿದ ಸ್ಕಾಟ್‌ಲೆಂಡಿನ ಗುಡ್ಡಗಾಡಿನವರ ಪಡೆ. ಅದು ಹುಟ್ಟಿದ್ದು 1777ರಲ್ಲಿ, 1780ರಲ್ಲಿ ಮದ್ರಾಸಿಗೆ ಬಂದಿಳಿಯಿತು. ಅದೇ ವರ್ಷ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೇಲಿಯ ತುಕಡಿಯನ್ನು ಹೈದರ್ ಮತ್ತು ಟಿಪ್ಪು ಸುತ್ತುಗಟ್ಟಿ ಬಡಿದು ಹಾಕಿದರು. ಬೇಲಿಯ ಜೊತೆ ಈ 73ನೇ ರೆಜಿಮೆಂಟಿನ ಎರಡು ‘ಕಂಪನಿ’ಗಳು, ಅಂದರೆ ಎರಡು ಸಣ್ಣ ತುಕಡಿಗಳು, ಇದ್ದವು. ಬದುಕುಳಿದವರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದರು. ಅವರಲ್ಲಿ ಡೇವಿಡ್ ಬೇರ್ಡ್ ಅನ್ನುವ ಕ್ಯಾಪ್ಟನ್ ಒಬ್ಬ. 1784ರ ಮಂಗಳೂರು ಒಪ್ಪಂದದ ತನಕ ಅವನು ಇಲ್ಲಿ ಬೇಡಿ ಹಾಕಿಸಿಕೊಂಡು ಕೂತಿದ್ದ. ಬೇಲಿ ಸೆರೆಯಲ್ಲೇ, 1782ರಲ್ಲಿ, ಸತ್ತ. ಕೋಟೆ ನೋಡೋಕೆ ಹೋದವರಿಗೆ ಗೈಡುಗಳು ತೋರಿಸುವ ‘ಕರ್ನಲ್ ಬೇಲಿಯ ಸೆರೆಮನೆ’ ಅವನ ಹೆಸರಿನದೇ.

ಎರಡನೆಯದರ ಕಥೆ ಮಂಗಳೂರಿನಿಂದ ಶುರು. 42ನೇ ಹೈಲ್ಯಾಂಡರ್ಸ್ ಪಡೆಯ ಎರಡನೇ ಬೆಟಾಲಿಯನ್ 1783ರಲ್ಲಿ ಮಂಗಳೂರು ಕೋಟೆಯೊಳಗೆ ಸಿಕ್ಕಿಹಾಕಿಕೊಂಡಿತ್ತು. ಹೊರಗಡೆ ಟಿಪ್ಪುವಿನ ಮುತ್ತಿಗೆ, ಒಳಗಡೆ ಹಸಿವು, ಕಾಯಿಲೆ. 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟು ಹೊರಬಂದರು. 1786ರಲ್ಲಿ ಲಂಡನ್ನಿನಲ್ಲಿ ನಂಬರುಗಳನ್ನು ಹೊಸದಾಗಿ ಹಂಚಿದರು. ಮ್ಯಾಕ್ಲಿಯಾಡನ ಪಡೆಗೆ 71 ಅನ್ನುವ ನಂಬರು ಬಂತು. ಖಾಲಿಯಾದ 73 ಈ ಮಂಗಳೂರಿನ ಬೆಟಾಲಿಯನ್ನಿಗೆ ಹೋಯಿತು. 1799ರ ಮೇ 4ರಂದು ಕೋಟೆಗೆ ನುಗ್ಗಿದ ಬಲಗಡೆಯ ಸಾಲಿನಲ್ಲಿ ಇದ್ದದ್ದು ಈ ಎರಡನೇ 73. ಇಡೀ ದಾಳಿಯನ್ನು ನಡೆಸಿದವನು ಮೇಜರ್ ಜನರಲ್ ಡೇವಿಡ್ ಬೇರ್ಡ್. ಹೌದು, ಹಳೇ 73ರ ಅದೇ ಕೈದಿ.

ಅಂದರೆ ಮಂಗಳೂರಿನ ಕೋಟೆ ಜಾಗದಲ್ಲಿ ‘42’ರ ಗುಂಡಿ ಸಿಕ್ಕರೆ, ಶ್ರೀರಂಗಪಟ್ಟಣದಲ್ಲಿ ‘73’ ಸಿಕ್ಕರೆ, ಎರಡೂ ಒಂದೇ ಪಡೆಯದಾಗಿರಬಹುದು. ಅತ್ತ 1791ರಲ್ಲಿ ಬೆಂಗಳೂರು, ನಂದಿದುರ್ಗಗಳ ಮೇಲೆ ಬಿದ್ದ ‘71’ ಅಂದರೆ ಪೊಳ್ಳಿಲೂರಿನ ಹಳೇ ‘73’ರ ಪಡೆಯೇ. ಬರೀ ನಂಬರಿನ ಪಟ್ಟಿ ಹಿಡಿದು ಹೊರಟವರು ಇಲ್ಲಿ ಎಡವುತ್ತಾರೆ. ಇಂಟರ್‌ನೆಟ್ಟಿನಲ್ಲಿ ‘73ನೇ ರೆಜಿಮೆಂಟ್’ ಅಂತ ಹುಡುಕಿದರೆ ಹೆಚ್ಚಾಗಿ ಸಿಗೋದು ಎರಡನೆಯದರ ಚರಿತ್ರೆ ಮಾತ್ರ.

ಹಾಗಾದರೆ ನಿಮ್ಮದು ಯಾವ 73? ಉತ್ತರ ಗುಂಡಿಯಲ್ಲಿಲ್ಲ, ನಿಮ್ಮ ಹೊಲದಲ್ಲಿದೆ. ಮೊದಲನೇ 73ರವರು ಇಲ್ಲಿಗೆ ಬಂದದ್ದು ಕೈದಿಗಳಾಗಿ. ಅವರಿದ್ದದ್ದು ಕೋಟೆಯ ಗೋಡೆಯ ಒಳಗೆ. ಎರಡನೇ 73ರವರು ಬಂದದ್ದು ಮುತ್ತಿಗೆ ಹಾಕೋಕೆ. ಜನರಲ್ ಹ್ಯಾರಿಸ್‌ನ ಸೈನ್ಯ 1799ರ ಏಪ್ರಿಲ್ 5ರಂದು ಕೋಟೆಯ ಪಶ್ಚಿಮಕ್ಕೆ, ಹೊಳೆಯ ದಕ್ಷಿಣದ ಕಡೆ ಪಾಳೆಯ ಹೂಡಿತು. ಅಲ್ಲಿಂದ ಸುಮಾರು ಒಂದು ತಿಂಗಳು, ಮೇ 4ರ ದಾಳಿಯ ತನಕ, ಬಿಸಿಲಿನಲ್ಲಿ ಕಂದಕ ತೋಡುತ್ತಾ, ಫಿರಂಗಿ ದಿಬ್ಬ ಕಟ್ಟುತ್ತಾ ಅಲ್ಲೇ ಇತ್ತು. ನೀವು ಹೇಳುವ ದಿಕ್ಕು ಅದೇ. ಆದ್ದರಿಂದ ನನ್ನ ತೀರ್ಮಾನ: ಇದು ಎರಡನೇ 73ರ, 1799ರ ಪಾಳೆಯದ ಗುಂಡಿ ಆಗಿರೋ ಸಾಧ್ಯತೆ ಬಹಳ ಜಾಸ್ತಿ. ಇದೇ ಗುಂಡಿ ಕೋಟೆಯೊಳಗೆ ಸೆರೆಮನೆಯ ಆಸುಪಾಸಿನಲ್ಲಿ, ಹಳೇ ಮಣ್ಣಿನ ಪದರದಲ್ಲಿ ಸಿಕ್ಕಿದ್ದರೆ ನಾನು ಬೇರೆಯೇ ಮಾತು ಹೇಳುತ್ತಿದ್ದೆ. ಸಂತೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದರೆ ಏನೂ ಹೇಳೋಕಾಗುತ್ತಿರಲಿಲ್ಲ.

ಎರಡನೇ 73 ಈ ದೇಶ ಬಿಟ್ಟು 1806ರಲ್ಲಿ ಬ್ರಿಟನ್ನಿಗೆ ವಾಪಸ್ ಹೋಯಿತು. ಮುಂದೆ ಲಾಕ್ಲನ್ ಮ್ಯಾಕ್ವಾರಿ ಗವರ್ನರ್ ಆಗಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವನ ಜೊತೆ ಹೋದದ್ದು ಇದೇ ರೆಜಿಮೆಂಟು. 1810ರಿಂದ 1814ರ ತನಕ ಅದು ಸಿಡ್ನಿಯಲ್ಲಿತ್ತು. ಮ್ಯಾಕ್ವಾರಿ ಕೂಡ 1799ರಲ್ಲಿ ಇದೇ ಮುತ್ತಿಗೆಯಲ್ಲಿದ್ದ, ಆಗ 77ನೇ ರೆಜಿಮೆಂಟಿನವನಾಗಿ. ಕೋಟೆಯ ಗೋಡೆ ಒಡೆದ ಜಾಗದ ಹತ್ತಿರ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಸ್ಮಾರಕ ಕಂಬ ಇದೆಯಲ್ಲ, ಅದರ ಮೇಲಿನ ಬರಹವನ್ನು ಬಿಡುವಿದ್ದಾಗ ಓದಿ ನೋಡಿ. ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರುಗಳಿವೆ.

ಹಿತ್ತಾಳೆ ಗುಂಡಿಯ ವಿಷಯ ಚಿಕ್ಕದು. ಸಿಂಹ, ಒಂಟಿ ಕೊಂಬಿನ ಕುದುರೆ, ಕಿರೀಟ ಅಂದರೆ ಬ್ರಿಟಿಷ್ ರಾಜಮನೆತನದ ಲಾಂಛನ. 1871ರಲ್ಲಿ ಸಿಪಾಯಿಗಳ ಗುಂಡಿಯ ಮೇಲಿನ ರೆಜಿಮೆಂಟ್ ನಂಬರು ತೆಗೆದು, ಎಲ್ಲರಿಗೂ ಒಂದೇ ಥರದ ಈ ಲಾಂಛನದ ಗುಂಡಿ ಕೊಟ್ಟರು. ಕಿರೀಟದ ಕಮಾನನ್ನು ಗಮನಿಸಿ. ಗುಮ್ಮಟದ ಹಾಗೆ ದುಂಡಗೆ ಮೇಲೆದ್ದಿದ್ದರೆ 1901ರಿಂದ 1952ರ ನಡುವಿನ ರಾಜರ ಕಾಲದ್ದು. ಸ್ವಲ್ಪ ಚಪ್ಪಟೆಯಾಗಿ ಎರಡು ಬದಿಗೆ ಬಾಗಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು. ಹಿಂದೆ ಬರೆದಿರೋದು ಮಾಡಿದವರ ಹೆಸರು ಮತ್ತು ಊರು. ಬರ್ಮಿಂಗ್‌ಹ್ಯಾಮ್ ಗುಂಡಿ ಮಾಡುವವರ ದೊಡ್ಡ ಪೇಟೆ. ಹೆಸರು ಪೂರ್ತಿ ಓದಲು ಬಂದರೆ ಕಾಲವನ್ನು ಇನ್ನಷ್ಟು ಬಿಗಿಯಾಗಿ ಹೇಳಬಹುದು. ಯಾಕಂದರೆ ಆ ಕಂಪನಿಗಳು ಹೆಸರು, ಪಾಲುದಾರರು, ವಿಳಾಸ ಬದಲಾದಾಗಲೆಲ್ಲ ಅಚ್ಚನ್ನೂ ಬದಲಾಯಿಸುತ್ತಿದ್ದವು. ಇದು ನಿಮ್ಮ ಹೊಲಕ್ಕೆ ಹೇಗೆ ಬಂತು ಅಂದರೆ, ಯುದ್ಧದಿಂದಲೇ ಬರಬೇಕಾಗಿಲ್ಲ. ಮಹಾಯುದ್ಧ ಮುಗಿದ ಮೇಲೆ ಹಳೇ ಮಿಲಿಟರಿ ಕೋಟುಗಳು ಸಂತೆಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಚಳಿಗಾಲದಲ್ಲಿ ರಾತ್ರಿ ಹೊಲ ಕಾಯುವವರು ಹಾಕಿಕೊಳ್ಳುತ್ತಿದ್ದರು. ನಿಮ್ಮ ತಾತನನ್ನೋ ಅಜ್ಜಿಯನ್ನೋ ಕೇಳಿ, ಮನೆಯಲ್ಲಿ ಅಂಥ ಕೋಟು ಇದ್ದಿರಬಹುದು.

ಬಿಲ್ಲೆಯ ಬಗ್ಗೆ ನಿಮಗೆ ಸ್ವಲ್ಪ ನಿರಾಸೆ ಆಗಬಹುದು. ಗಂಡಭೇರುಂಡ ಮೈಸೂರು ಒಡೆಯರ ಲಾಂಛನ, ಟಿಪ್ಪುವಿನದಲ್ಲ. ಟಿಪ್ಪುವಿನ ಗುರುತು ಹುಲಿ, ಮತ್ತು ‘ಬಬ್ರಿ’ ಅಂತ ಕರೆಯುವ ಹುಲಿಪಟ್ಟೆ. ಗಂಡಭೇರುಂಡ ಮತ್ತು ನಂಬರು ಇರುವ ಅಗಲದ ಹಿತ್ತಾಳೆ ತಗಡು ಕಂಡರೆ ನನಗೆ ಮೊದಲು ನೆನಪಾಗೋದು ಸೈನಿಕನಲ್ಲ, ಕಚೇರಿಯ ಜವಾನ. ಎದೆಗೆ ಅಡ್ಡ ಹಾಕುವ ಡವಾಲಿ, ಅದರ ಮೇಲೆ ಬಿಲ್ಲೆ. ತಾಲ್ಲೂಕು ಕಚೇರಿಯ ಡವಾಲಿಯೋ, ಪೊಲೀಸಿನವರದೋ, ಬೇರೆ ಇಲಾಖೆಯದೋ ಅನ್ನೋದು ಸುತ್ತ ಏನು ಬರೆದಿದೆ ಅನ್ನೋದರ ಮೇಲೆ ನಿಂತಿದೆ. ಮೈಸೂರು ಲ್ಯಾನ್ಸರ್ಸ್‌ನಂಥ ಸಂಸ್ಥಾನದ ಸೈನ್ಯದವರೂ ಗಂಡಭೇರುಂಡ ಧರಿಸುತ್ತಿದ್ದರು, ನಿಜ. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದವರು ಅವರೇ. ಆದರೆ ಅಂಗೈ ಅಗಲದ ನಂಬರಿನ ಬಿಲ್ಲೆ ಅಂದರೆ ನನ್ನ ಓಟು ಜವಾನನಿಗೇ. 1799ರ ಇಂಗ್ಲಿಷ್ ಸಿಪಾಯಿಯ ಎದೆಪಟ್ಟಿಗೂ ಬಿಲ್ಲೆ ಇತ್ತು, ಆದರೆ ಅದು ಸಾಮಾನ್ಯವಾಗಿ ಮೊಟ್ಟೆಯಾಕಾರದ್ದು, ಮೇಲೆ ರೆಜಿಮೆಂಟಿನ ನಂಬರು.

ಈಗ ನಿಮ್ಮ ಕೊನೇ ಪ್ರಶ್ನೆ, ನನಗೆ ಬಹಳ ಇಷ್ಟವಾದದ್ದು. ಟಿಪ್ಪು ಸೈನಿಕರ ಗುಂಡಿ ಸಿಗದೇ ಇರೋದಕ್ಕೆ ಕಾರಣ ಸರಳ: ನಮ್ಮ ಕಡೆಯ ಅಂಗಿಗೆ ಲೋಹದ ಗುಂಡಿಯ ಕೆಲಸವೇ ಇರಲಿಲ್ಲ. ಕಸೆ ಕಟ್ಟುತ್ತಿದ್ದರು. ನಿಮ್ಮ ಮನೆಯ ಹಿರಿಯರು ಕಸೆ ಅಂಗಿ ಹಾಕಿದ್ದನ್ನು ನೋಡಿರಬಹುದು. ಟಿಪ್ಪುವಿನ ಕಾಲಾಳುಗಳ ಹುಲಿಪಟ್ಟೆ ಅಂಗಿ ಎಷ್ಟೇ ಜೋರಾಗಿ ಕಂಡರೂ ಅದು ಬಟ್ಟೆ, ದಾರ. ಎರಡೂ ಮಣ್ಣಾಗುತ್ತವೆ. ಪಕ್ಕದಲ್ಲೇ ಬಿದ್ದ ಪ್ಯೂಟರ್ ಗುಂಡಿ ಉಳಿಯುತ್ತೆ. ಇದರ ಪರಿಣಾಮ ವಿಚಿತ್ರ. ಮಣ್ಣನ್ನು ಜರಡಿ ಹಿಡಿದು ನೋಡಿದರೆ ಶ್ರೀರಂಗಪಟ್ಟಣದಲ್ಲಿ ಬರೀ ಇಂಗ್ಲಿಷರೇ ಇದ್ದರೇನೋ ಅನ್ನಿಸಿಬಿಡುತ್ತೆ. ಒಂದು ಕಡೆಯವರ ಉಡುಪು ಮಾತ್ರ ಲೆಕ್ಕಕ್ಕೆ ಸಿಗುತ್ತೆ, ಇನ್ನೊಂದು ಕಡೆಯದು ಸಿಗೋದಿಲ್ಲ. ಮ್ಯೂಸಿಯಂ ಕಪಾಟಿನ ಮುಂದೆ ನಿಂತಾಗ ಇದನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಮೈಸೂರಿನವರ ಗುರುತು ಬೇಕಾದರೆ ಉಡುಪಿನಲ್ಲಲ್ಲ, ಆಯುಧದಲ್ಲಿ ಹುಡುಕಬೇಕು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ‘ನಗರ’ ಅನ್ನುವ ಊರಿನಲ್ಲಿ 2018ರಲ್ಲಿ ಏನಾಯಿತು ನೋಡಿ. ಅಲ್ಲೊಂದು ಪಾಳು ಬಾವಿ. ಅದರ ಮಣ್ಣು ಸಿಡಿಮದ್ದಿನ ವಾಸನೆ ಬರುತ್ತಿತ್ತು. ರಾಜ್ಯ ಪುರಾತತ್ವ ಇಲಾಖೆಯವರು ಕ್ರಮವಾಗಿ ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಜಾಸ್ತಿ ರಾಕೆಟ್ಟಿನ ಕಬ್ಬಿಣದ ಕೊಳವೆಗಳು ಒಂದೇ ರಾಶಿಯಲ್ಲಿ ಸಿಕ್ಕವು. ಊರವರು ಒಂದೊಂದೇ ಎತ್ತಿಕೊಂಡು ಹೋಗಿದ್ದರೆ ಅವು ಬರೀ ತುಕ್ಕು ಹಿಡಿದ ಪೈಪುಗಳು. ಒಟ್ಟಿಗೆ, ಇದ್ದ ಜಾಗದಲ್ಲೇ ಸಿಕ್ಕಿದ್ದರಿಂದ ಅಲ್ಲೊಂದು ದಾಸ್ತಾನು ಇತ್ತು ಅನ್ನೋದು ಗೊತ್ತಾಯಿತು.

ನಿಮ್ಮ ಹೊಲದಲ್ಲಿ ಸೀಸದ ಗುಂಡು ಸಿಕ್ಕರೆ ಅದನ್ನೂ ತೂಗಿ ಬರೆದಿಡಿ. ಇಂಗ್ಲಿಷರ ಬಂದೂಕಿನ ಗುಂಡು 17.5 ಮಿಲಿಮೀಟರ್ ಹತ್ತಿರ, ತೂಕ 30 ಗ್ರಾಮಿಗಿಂತ ಸ್ವಲ್ಪ ಮೇಲೆ. ಫ್ರೆಂಚ್ ಮಾದರಿಯದು ಅದಕ್ಕಿಂತ ಚಿಕ್ಕದು. ಗುಂಡು ಚಪ್ಪಟೆಯಾಗಿದ್ದರೆ ಹಾರಿಸಿದ್ದು, ದುಂಡಗೇ ಇದ್ದರೆ ಯಾರದೋ ಚೀಲದಿಂದ ಬಿದ್ದದ್ದು. ಕಪ್ಪಗೆ ಗಾಜಿನ ಥರ ಹೊಳೆಯುವ, ಬಿಸ್ಕತ್ತಿನಷ್ಟು ಚಪ್ಪಟೆಯಾದ ಚೌಕ ಕಲ್ಲು ಕಂಡರೆ ಬಂದೂಕಿನ ಚಕಮಕಿ ಕಲ್ಲು ಇರಬಹುದು. ಆ ಜಾತಿಯ ಕಲ್ಲು ನಮ್ಮ ಸೀಮೆಯದಲ್ಲ, ಹಡಗಿನಲ್ಲಿ ಬಂದದ್ದು.

ತೊಳೆಯುವ ವಿಚಾರಕ್ಕೆ ಬರೋಣ. ಪ್ಯೂಟರ್ ಮೆತ್ತಗಿನ ಲೋಹ. ಹುಣಸೆಯ ಹುಳಿ ಅದರ ಸೀಸವನ್ನು ತಿನ್ನುತ್ತೆ. ಉಜ್ಜಿದರೆ 73 ಅನ್ನುವ ಅಂಕಿಯೇ ಅಳಿಸಿ ಹೋಗಬಹುದು, ಯಾಕಂದರೆ ಆ ಅಂಕಿ ಈಗ ನಿಂತಿರೋದು ಬೂದಿ ಬಣ್ಣದ ಆ ಹೊರಪದರದಲ್ಲೇ. ಮಣ್ಣು ತೀರಾ ಮೆತ್ತಿಕೊಂಡಿದ್ದರೆ ನೆರಳಲ್ಲಿ ಒಣಗಲು ಬಿಟ್ಟು, ಮೆತ್ತನೆಯ ಬಣ್ಣದ ಕುಂಚದಿಂದ ಸುಮ್ನೆ ಸವರಿ ಬೀಳಿಸಿ, ಅಷ್ಟು ಸಾಕು. ಮರದ ಡಬ್ಬಿಯಲ್ಲಿ, ಪ್ಲೈವುಡ್ ಬೀರುವಿನಲ್ಲಿ ಇಡಬೇಡಿ. ಮರದಿಂದ ಹೊರಡುವ ಹುಳಿ ಆವಿ ಸೀಸಕ್ಕೆ ಆಗದು, ಬಿಳಿ ಹುಡಿ ಏಳುತ್ತೆ. ಜಿಪ್ ಇರುವ ಪ್ಲಾಸ್ಟಿಕ್ ಕವರು, ಒಳಗೆ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ ಆ ಸಿಲಿಕಾ ಪೊಟ್ಟಣ, ಇಷ್ಟಾದರೆ ಆಯಿತು. ಹಿತ್ತಾಳೆ ಸಾಮಾನುಗಳ ಮೇಲೆ ಗಾಢ ಹಸಿರು ಪದರ ಇದ್ದರೆ ಚಿಂತೆಯಿಲ್ಲ. ತಿಳಿ ಹಸಿರು ಹುಡಿ ಮುಟ್ಟಿದರೆ ಉದುರುವ ಹಾಗಿದ್ದರೆ ಮಾತ್ರ ಲೋಹ ಒಳಗೊಳಗೇ ಸವೆಯುತ್ತಿದೆ ಅಂತ ಅರ್ಥ. ಅದನ್ನು ತಕ್ಷಣ ಬೇರೆ ಇಡಿ.

ಕಾನೂನು. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಜಾರಿಯಲ್ಲಿದೆ. ಮಣ್ಣಿನಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ಸಿಕ್ಕಿದರೆ ಏನು, ಎಲ್ಲಿ, ಯಾವತ್ತು ಸಿಕ್ಕಿತು ಅಂತ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು ಅನ್ನುತ್ತೆ ಅದು. ಇದರ ಜೊತೆಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗೇ ಇಲ್ಲ. ಹಾಗಾಗಿ ‘73’ರ ಗುಂಡಿಯ ಫೋಟೊ ಹಾಕಿ ಆನ್‌ಲೈನಿನಲ್ಲಿ ಮಾರೋಕೆ ಹೋಗಬೇಡಿ. ಒಂದು ಅರ್ಜಿ ಬರೆದು ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿಯನ್ನು ಮೈಸೂರಿನ ಪುರಾತತ್ವ ಇಲಾಖೆಗೆ ಕಳಿಸಿ. ಆಕಸ್ಮಿಕವಾಗಿ ಉಳುಮೆಯಲ್ಲಿ ಸಿಕ್ಕಿದ್ದನ್ನು ತಿಳಿಸಿದವರು ಹೆದರಬೇಕಾಗಿಲ್ಲ. ಮುಚ್ಚಿಟ್ಟರೆ ತೊಂದರೆ.

ಮೆಟಲ್ ಡಿಟೆಕ್ಟರ್ ತಂದು ಇನ್ನಷ್ಟು ಹುಡುಕೋಣ ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಸಂರಕ್ಷಿತ ಜಾಗದೊಳಗಾದರೆ ಅನುಮತಿ ಇಲ್ಲದೆ ಅಗೆಯೋದು ಅಪರಾಧ. ನಿಮ್ಮ ಸ್ವಂತ ಹೊಲವೇ ಆದರೂ ಅವರು ಒಂದು ಗುಂಡಿಗಾಗಿ ಹತ್ತು ಕಡೆ ತೋಡಿ, ಪಾಳೆಯದ ಸಾಲು ಯಾವ ಕಡೆಯಿಂದ ಯಾವ ಕಡೆಗೆ ಇತ್ತು ಅನ್ನುವ ಸುಳಿವನ್ನೇ ಕದಡಿ ಹೋಗುತ್ತಾರೆ. ಹಾಗೆಯೇ ‘ಈಸ್ಟ್ ಇಂಡಿಯಾ ಕಂಪನಿ 1818’ ಅಂತ ಅಚ್ಚಾದ, ರಾಮ ಅಥವಾ ಹನುಮಂತನ ಚಿತ್ರದ ನಾಣ್ಯ ತಂದು ‘ಇದೂ ನಿಮ್ಮ ಕಡೆಯ ಕೋಟೆಯಲ್ಲೇ ಸಿಕ್ಕಿದ್ದು’ ಅಂದರೆ ದುಡ್ಡು ಕೊಡಬೇಡಿ. ಅಂಥ ನಾಣ್ಯವನ್ನು ಕಂಪನಿ ಯಾವತ್ತೂ ಹೊರಡಿಸಿಲ್ಲ.

ಬಿಲ್ಲೆಯ ಹಿಂಬದಿಯ ಫೋಟೊ ಒಂದನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಕಳಿಸಿ. ಪಟ್ಟಿಗೆ ಸಿಕ್ಕಿಸುವ ಕೊಂಡಿ ಎರಡಿದೆಯಾ ನಾಲ್ಕಿದೆಯಾ, ಸುತ್ತಿನ ಬರಹ ಕನ್ನಡದ್ದಾ ಇಂಗ್ಲಿಷಿನದ್ದಾ ಅನ್ನೋದು ಕಂಡರೆ ಯಾವ ಇಲಾಖೆಯದು ಅಂತ ಹೇಳೋ ಪ್ರಯತ್ನ ಮಾಡ್ತೀನಿ.